ಎರಡನೆಯ ನಳಿಗೆ

ಇವತ್ತು ಮೋಡ ಬರಕೂಡದು ಎಂದು ಅವಳು ಹಲ್ಲುಜ್ಜುತ್ತಲೇ ಆಕಾಶಕ್ಕೆ ಅಪ್ಪಣೆ ಕೊಟ್ಟಳು. ಬಚ್ಚಲಿನ ಗೂಡುಕಿಟಕಿಯಲ್ಲಿ ಕಾಣುತ್ತಿದ್ದ ಅಂಗೈಯಗಲದ ಆಕಾಶ ಸದ್ಯಕ್ಕೆ ಹೇಳಿದ ಮಾತು ಕೇಳುವ ಹಾಗೆ ಕಂಡಿತು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಕನ್ನಡಿ ನೋಡಿಕೊಂಡಳು. ಐವತ್ತು ದಾಟಿದ ಮುಖ, ಬಲಗೆನ್ನೆಯ ಮೇಲೆ ಬಿಸಿಲಿನಿಂದಾದ ಕಂದು ಮಚ್ಚೆ. ಅರ್ಧ ಆಯುಷ್ಯ ತಾರಸಿಯ ಮೇಲೆ ಕಳೆದದ್ದಕ್ಕೆ ಸಿಕ್ಕ ಪದಕ. ಪರವಾಗಿಲ್ಲ ಎಂದುಕೊಂಡಳು. ಪರವಾಗಿಲ್ಲ ಏನು ಬಂತು, ಚೆನ್ನಾಗಿಯೇ ಇದ್ದೇನೆ. ಆಚೆ ನಡುಮನೆಯಲ್ಲಿ ಅತ್ತೆ ಫೋನಿನಲ್ಲಿದ್ದರು. ಕೆಲಸದಲ್ಲಿದ್ದಷ್ಟು ಕಾಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನು ಊರವರಿಗೆ ಜೋಡಿಸಿದ ಹೆಂಗಸು, ನಿವೃತ್ತಿಯಾದ ಮೇಲೆ ತಮ್ಮ ಪಾಲಿನ ಮಾತನ್ನು ಬಡ್ಡಿ ಸಮೇತ ವಸೂಲು ಮಾಡುತ್ತಿದ್ದರು. "ಹೌದು ರೀ, ಇವತ್ತೇ, ಮಧ್ಯಾಹ್ನ ನಾನೂ ಹೋಗ್ತೀನಿ! ನಮ್ಮ ಸೊಸೆ ನೀರಿಂದ ಬೆಂಕಿ ತೆಗೀತಾಳೆ. ಬರೀ ನೀರು, ಬರೀ ಬಿಸಿಲು. ಬೇರೆ ಒಂದು ಹನಿ ಹಾಕಲ್ಲ. ಇನ್ನು ಮೇಲೆ ಬಸ್ಸೂ ಅದರಲ್ಲೇ ಓಡೋದು, ನೋಡ್ತಾ ಇರಿ." ಅವಳು ಬಾಯಿ ಮುಕ್ಕಳಿಸಿ ಉಗುಳಿದಳು. ಎರಡು ತಿಂಗಳ ಹಿಂದೆ ಆ ಸುದ್ದಿ ಹೊತ್ತು ಮನೆಗೆ ಬಂದಾಗ ಇದೇ ಅತ್ತೆ ಮುಖ ಸಿಂಡರಿಸಿದ್ದರು. ಫಲಕದ ಮೇಲೆ ಬೀಳುವ ಬಿಸಿಲಿನಲ್ಲಿ ನೂರಕ್ಕೆ ಮೂರು ಪಾಲು ಜಲಜನಕವಾಗಿ ಉಳಿಯುತ್ತದೆ, ಇಲ್ಲಿಯವರೆಗೆ ಒಂದು ಪಾಲಾದರೆ ಹೆಚ್ಚಾಗಿತ್ತು ಎಂದು ಅವಳು ಉಸಿರು ಬಿಗಿಹಿಡಿದು ಹೇಳಿದರೆ, "ನೂರಕ್ಕೆ ಮೂರಾ? ನಮ್ಮ ಕಾಲದಲ್ಲಿ ಅಷ್ಟು ತಗೊಂಡ್ರೆ ಮನೆಗೆ ಬರೋಕೆ ಹೆದರ್ತಿದ್ವಿ ಕಣೆ" ಎಂದಿದ್ದರು. ಬಿಡಿಸಿ ಹೇಳಿದ ಮೇಲೆ ಮಾತ್ರ, ಮರುದಿನದ ಹೊತ್ತಿಗೆ ಇಡೀ ಕಟ್ಟಡಕ್ಕೆ ಮೂರು ಎಂಬ ಅಂಕಿ ಬಾಯಿಪಾಠವಾಗಿತ್ತು.

ಊಟದ ಮೇಜಿನ ಮೇಲೆ ಮಗಳು ಹತ್ತಿಯುಂಡೆಯಿಂದ ಉಗುರುಬಣ್ಣ ಒರೆಸುತ್ತಿದ್ದಳು. ಶಾಲೆಯಲ್ಲಿ ಬಿಡುವುದಿಲ್ಲ, ರಜೆಯಲ್ಲಿ ಹಚ್ಚಿದ್ದನ್ನು ಇವತ್ತು ತೆಗೆಯಲೇಬೇಕು. ಸಿಹಿ ಸಿಹಿಯಾದ, ಮೂಗಿನ ತುದಿ ತಣ್ಣಗಾಗಿಸುವ ವಾಸನೆ ತಿಂಡಿಯ ಘಮವನ್ನೆಲ್ಲ ನುಂಗಿಹಾಕಿತ್ತು. "ತಿನ್ನೋ ಜಾಗದಲ್ಲಿ ಇದೇನೇ ನಿನ್ನ ಗಬ್ಬು?" ಎಂದಳು. "ನಿನ್ನ ಲ್ಯಾಬಿಗಿಂತ ವಾಸಿ ಅಮ್ಮ" ಎಂದು ಮಗಳು ತಲೆಯೆತ್ತದೆ ಹೇಳಿದಳು. ತಟ್ಟೆ ತಂದಿಟ್ಟ ಗಂಡ ನಕ್ಕ. ಅವಳಿಗೂ ನಗು ಬಂತು. ಇವತ್ತು ಯಾರು ಏನಂದರೂ ನಗು ಬರುವ ದಿನ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಮುಂದೆ ಹೋಗುತ್ತಿದ್ದ ಇನ್ನೊಂದು ಬಸ್ಸು ಕಪ್ಪಗೆ ಹೊಗೆ ಬಿಟ್ಟಾಗ, ಕಕ್ಕಪ್ಪಾ ಕಕ್ಕು, ಇನ್ನೆಷ್ಟು ದಿನ, ಎಂದು ಅದಕ್ಕೆ ಮನಸ್ಸಿನಲ್ಲೇ ಹೇಳಿದಳು. ಮಧ್ಯಾಹ್ನ ಬಸ್ಸು ಸಂಸ್ಥೆಯ ಮುಖ್ಯ ಎಂಜಿನಿಯರು ಬರುತ್ತಾರೆ; ಅವರು ಹೂಂ ಎಂದರೆ ಒಂದು ಡಿಪೋದ ಇಡೀ ತಗಡಿನ ಛಾವಣಿ ಅವಳ ಫಲಕಗಳಿಗೆ. ಇಷ್ಟು ವರ್ಷದ ಅವಳ ದುಡಿಮೆಯೆಲ್ಲ ಹಾಸಿದರೆ ಒಂದು ಚಾಪೆಯಷ್ಟು ಜಾಗ ಹಿಡಿಯುತ್ತಿತ್ತು. ಈಗ ನೂರು ಬಸ್ಸು ನಿಲ್ಲುವಷ್ಟು ಅಗಲ! ಅಷ್ಟು ಅಗಲವನ್ನು ಒಮ್ಮೆಲೇ ಕಣ್ಣಿಗೆ ತಂದುಕೊಳ್ಳಲು ಹೋದರೆ ಯಾಕೋ ಟೀ ಕಪ್ಪು ನೆನಪಾಗುತ್ತದೆ. ಯಾವಾಗಲೂ ಹಾಗೆಯೇ, ಸಂತೋಷದ ಬೆನ್ನಿಗೇ ಆ ಕಪ್ಪು. ಬಿಳಿ ಪಿಂಗಾಣಿ, ಅಂಚಿನಲ್ಲಿ ಒಂದು ಬಿರುಕು. ಎಷ್ಟೋ ವರ್ಷದ ಹಿಂದೆ, ಹೊರಗಿನಿಂದ ಬಂದಿದ್ದ ದೊಡ್ಡ ಮನುಷ್ಯ ಪ್ರಯೋಗಾಲಯದ ನಡುವೆ ನಿಂತು, ಸಾಲಾಗಿ ಇಟ್ಟಿದ್ದ ಫಲಕಗಳಲ್ಲಿ ಒಂದನ್ನೆತ್ತಿ ಬೆಳಕಿಗೆ ಹಿಡಿದಿದ್ದ. ಒಣಗಿದ ನೀರಿನ ಕಲೆಗಳು ಗಾಜಿನ ಮೇಲೆ ಬೆಳ್ಳಗೆ ಎದ್ದು ಕಂಡವು. "ಏನಿದು, ಇಲ್ಲಿ ತೊಳೆಯೋರು ಯಾರೂ ಇಲ್ವಾ?" ಎಂದವನೇ ಪಕ್ಕದಲ್ಲಿ ನಿಂತ ಹೆಂಗಸನ್ನು ನೋಡಿ, ತೊಳೆಯುವವಳು ಇವಳೇ ಎಂದುಕೊಂಡನೋ ಏನೋ, ತಾನು ಕುಡಿದಿಟ್ಟ ಕಪ್ಪನ್ನು ಅವಳ ಕೈಗೆ ಕೊಟ್ಟ. ಆ ಫಲಕಗಳನ್ನು ಮಾಡಿದವಳು ಅವಳು. ಅವಳು ಕಪ್ಪು ತೆಗೆದುಕೊಂಡಳು. ತೆಗೆದುಕೊಂಡದ್ದಷ್ಟೇ ಅಲ್ಲ, ನಲ್ಲಿಯ ಹತ್ತಿರ ಹೋಗಿ ತೊಳೆದೂ ಇಟ್ಟಳು. ಯಾಕೆ ತೊಳೆದೆ? ಎಸೆಯಬಹುದಿತ್ತು. ಕನಿಷ್ಠ ಮೇಜಿನ ಮೇಲೆ ಕುಕ್ಕಬಹುದಿತ್ತು. ಆ ಪ್ರಶ್ನೆಯನ್ನು ಅವಳು ಎಷ್ಟು ಬಸ್ಸುಗಳಲ್ಲಿ ಕೂತು ಕೇಳಿಕೊಂಡಿದ್ದಾಳೋ. ಆ ಗಾಯ ಒಳಗೊಳಗೇ ಬೆಳೆಯಿತು. ಈಚೆಗೆ ಹೊಸ ಫಲಕಗಳ ಕೆಲಸ ಶುರುವಾದಾಗ ಅವಳು ಒಂದು ಕಟ್ಟಳೆ ತಂದಳು: ಸುಡುವ ಗೂಡೊಲೆಯಿಂದ ತೆಗೆದ ಫಲಕವನ್ನು ನೀರಲ್ಲಿ ಇಡಕೂಡದು, ಸ್ಪಿರಿಟ್ಟಿನ ಜಾಡಿಯಲ್ಲಿ ಅದ್ದಿಡಬೇಕು, ಬಿಸಿಲಿಗೆ ಹೊರಡುವ ಕ್ಷಣದಲ್ಲಿ ತೆಗೆಯಬೇಕು. ಕಲೆ ಎಂಬುದು ಇರಕೂಡದು. ಫಲಕಗಳು ಕನ್ನಡಿಯಂತೆ ಹೊಳೆದವು. ಈಗ ಬಾರಯ್ಯ ಕಪ್ಪು ಹಿಡ್ಕೊಂಡು, ಎಂದುಕೊಂಡಳು. ಅಷ್ಟರಲ್ಲಿ ಅವಳ ನಿಲ್ದಾಣ ಬಂತು.

ಪ್ರಯೋಗಾಲಯದ ತಾರಸಿಯ ಮೇಲೆ ಅವಳ ಹಳೆಯ ಶಿಷ್ಯ ಆಗಲೇ ಬಂದಿದ್ದ, ಹೊಸ ಅಂಗಿಯಲ್ಲಿ. ಫಲಕದ ಮೇಲೆ ಬಳಿಯುವ ತೆಳುವಾದ ಪದರವೇ ಅವನ ಬದುಕಾದ್ದರಿಂದ ಎಲ್ಲರೂ ಅವನನ್ನು ಲೇಪ ಎಂದೇ ಕರೆಯುತ್ತಿದ್ದರು, ಅವನ ಹೆಂಡತಿಯೂ ಫೋನಿನಲ್ಲಿ "ಲೇಪ ಇದ್ದಾರಾ?" ಎಂದು ಕೇಳುವಷ್ಟು ಆ ಹೆಸರು ಅಂಟಿಕೊಂಡಿತ್ತು. ಮೂರು ಬಂದದ್ದು ಅವನ ಹೊಸ ಲೇಪದಿಂದ ಎಂದು ಎಲ್ಲರೂ ನಂಬಿದ್ದರು, ಅವಳೂ. ಬರುವ ವಾರ ಅವನ ಕಾಯಂ ಕೆಲಸದ ಸಂದರ್ಶನ. "ಮೋಡ ಇಲ್ಲ ಮೇಡಂ" ಎಂದು ಅವನೇ ಆಕಾಶ ತೊಳೆದಿಟ್ಟವನ ಹಾಗೆ ಹೇಳಿದ. ಸಾಲಾಗಿ ಗಾಜಿನ ಪೆಟ್ಟಿಗೆಗಳು, ಒಂದೊಂದರಲ್ಲೂ ನೀರು, ನೀರಲ್ಲಿ ಬಿಸಿಲಿಗೆ ಮುಖ ಮಾಡಿ ನಿಂತ ಒಂದೊಂದು ಅರಿಸಿನಗಂದು ಫಲಕ. ಅವಳಿಗೆ ಈ ನೋಟ ಹಳತಾಗುವುದೇ ಇಲ್ಲ. ತಂತಿಯಿಲ್ಲ, ಯಂತ್ರವಿಲ್ಲ, ಗುಂಡಿ ಒತ್ತುವುದಿಲ್ಲ. ಬೆಳಕು ಬಂದು ಆ ಅರೆವಾಹಕದ ಪದರಕ್ಕೆ ತಾಗಿದರೆ ಒಳಗಿನ ಎಲೆಕ್ಟ್ರಾನು ಎಚ್ಚರಾಗಿ ಎದ್ದು ಹೊರಡುತ್ತದೆ, ಒಂದು ಬದಿಯಲ್ಲಿ ನೀರಿನಿಂದ ಜಲಜನಕ ಬಿಡಿಸುತ್ತದೆ. ಅದು ಎದ್ದು ಹೋದ ಖಾಲಿ ಜಾಗ ಸುಮ್ಮನಿರುವುದಿಲ್ಲ. ಇನ್ನೊಂದು ಬದಿಯಲ್ಲಿ ನೀರಿನ ಕೈಯಿಂದಲೇ ಎಲೆಕ್ಟ್ರಾನು ಕಿತ್ತುಕೊಂಡು ತನ್ನ ಹೊಟ್ಟೆ ತುಂಬಿಕೊಳ್ಳುತ್ತದೆ, ಆಗ ಆಮ್ಲಜನಕ ಹೊರಬರುತ್ತದೆ. ಮೊದಲ ನಳಿಗೆಯಲ್ಲಿ ಎರಡು ಪಾಲು ಜಲಜನಕ, ಎರಡನೆಯ ನಳಿಗೆಯಲ್ಲಿ ಒಂದು ಪಾಲು ಆಮ್ಲಜನಕ. ನೀರು ಎಂದರೆ ಇಷ್ಟೇ. ಬೋರಲು ಹಾಕಿದ ಮೊದಲ ನಳಿಗೆಗಳೆಲ್ಲ ಇಷ್ಟು ಬೆಳಿಗ್ಗೆಯೇ ಗುಳ್ಳೆಗಳಿಂದ ಗಿಜಿಗುಡುತ್ತಿದ್ದವು. ಎರಡನೆಯ ನಳಿಗೆಗಳಲ್ಲಿ ಮಾತ್ರ ಉಗುರಿನಷ್ಟು ಗಾಳಿ.

ಆ ಉಗುರಿನಷ್ಟು ಗಾಳಿಯನ್ನು ಅವಳು ಇಂದೇ ಮೊದಲು ನೋಡಿದ್ದಲ್ಲ. ಎರಡು ತಿಂಗಳಿಂದ ಅದು ಹಾಗೆಯೇ ಇತ್ತು, ಎರಡು ತಿಂಗಳಿಂದ ಅದಕ್ಕೆ ಒಂದು ಉತ್ತರವೂ ಸಿದ್ಧವಿತ್ತು. ಆಮ್ಲಜನಕ ನೀರಲ್ಲಿ ಕರಗುತ್ತದೆ. ಫಲಕಕ್ಕೆ ಅಂಟಿಕೊಳ್ಳುತ್ತದೆ. ರಬ್ಬರಿನ ಬಿರಡೆಯಲ್ಲಿ ಸೋರುತ್ತದೆ. ಈ ಕಸುಬಿನವರೆಲ್ಲ ಹೇಳುವ ಮಾತೇ ಅದು, ಅಳತೆಗೆ ಸಿಗದ ಆಮ್ಲಜನಕ ಎಲ್ಲಿಯೋ ಕರಗಿರುತ್ತದೆ; ಮದುವೆಗೆ ಬಾರದ ನೆಂಟರಿಗೆ ಹುಷಾರಿಲ್ಲದಿರುವ ಹಾಗೆ. ಜಲಜನಕ ಉರಿಯುತ್ತದೆ, ಪುಟ್ ಎಂದು ಸದ್ದು ಮಾಡುತ್ತದೆ, ಬಸ್ಸು ಓಡಿಸುತ್ತದೆ. ಎರಡನೆಯ ನಳಿಗೆಯನ್ನು ಯಾರು ಕೇಳುತ್ತಾರೆ? ಅವಳು ಬಾಗಿ ಮೊದಲ ಪೆಟ್ಟಿಗೆಯ ಬಿರಡೆ ಸಡಿಲವಾಗಿದೆಯೇ ಎಂದು ನೋಡಲು ಎರಡನೆಯ ಬದಿಯ ಮುಚ್ಚಳ ತೆಗೆದಳು. ಮೂಗಿನ ತುದಿ ತಣ್ಣಗಾಯಿತು. ಸಿಹಿ ಸಿಹಿ. ಊಟದ ಮೇಜು, ಹತ್ತಿಯುಂಡೆ, ಮಗಳ ಬೆರಳು. ಅಯ್ಯೋ, ಕೈಗೇನಾದರೂ ಅಂಟಿತೇ ಎಂದು ಕೈ ಮೂಸಿದಳು. ಕೈಯಲ್ಲಿ ಬರೀ ಸೋಪು. ಮತ್ತೆ ಬಾಗಿದಳು. ಮುಂದಿನ ಪೆಟ್ಟಿಗೆಯ ಮುಚ್ಚಳ ತೆಗೆದಳು, ಅದರ ಮುಂದಿನದು. ಎಲ್ಲ ಕಡೆ ಉಗುರುಬಣ್ಣ ಅಳಿಸುವ ದ್ರವದ ವಾಸನೆ. ತಾವು ಬಳಸುವ ಬಗೆಯ ಸ್ಪಿರಿಟ್ಟಿನಿಂದ ಎಲೆಕ್ಟ್ರಾನು ಕಿತ್ತರೆ ಹುಟ್ಟುವುದೇ ಆ ದ್ರವ. ಮೊದಲ ವರ್ಷದ ಮಕ್ಕಳಿಗೆ ಅವಳೇ ಪಾಠ ಹೇಳಿದ್ದಾಳೆ. ಫಲಕದ ಪದರ ಸ್ಪಂಜಿನ ಹಾಗೆ. ಜಾಡಿಯಲ್ಲಿ ಕುಡಿದ ಸ್ಪಿರಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಪೆಟ್ಟಿಗೆಗೆ ಇಳಿದಿದೆ. ನೀರಿನಿಂದ ಎಲೆಕ್ಟ್ರಾನು ಕೀಳುವುದು ಹಲ್ಲು ಕೀಳುವ ಕಷ್ಟ. ಸುಲಿದ ಬಾಳೆಹಣ್ಣಿನಂಥ ಸ್ಪಿರಿಟ್ಟು ಪಕ್ಕದಲ್ಲೇ ಇರುವಾಗ ಆ ಕಷ್ಟ ಯಾರಿಗೆ ಬೇಕು? ಫಲಕಗಳು ನೀರನ್ನು ಬಹುಪಾಲು ಮುಟ್ಟಿಯೇ ಇರಲಿಲ್ಲ. ಎರಡು ತಿಂಗಳಿಂದ ಅವು ಸ್ಪಿರಿಟ್ಟು ತಿಂದು ಜಲಜನಕ ಬಿಡುತ್ತಿದ್ದವು. ಆಮ್ಲಜನಕ ಎಲ್ಲೂ ಕರಗಿರಲಿಲ್ಲ, ಹುಟ್ಟಿರಲೇ ಇಲ್ಲ. ಮೂರು ಎಂಬ ಅಂಕಿ ಬಂದದ್ದೂ ಕಟ್ಟಳೆ ತಂದದ್ದೂ ಒಂದೇ ವಾರ. ಅದು ಕಣ್ಣಿಗೆ ಬೀಳಲಿಲ್ಲವೇ? ಬಿದ್ದಿತ್ತು. ಹೊಸ ಲೇಪವೂ ಅದೇ ವಾರ ಬಂದದ್ದರಿಂದ ಬೀಳದ ಹಾಗೆ ಮಾಡಿಕೊಂಡಿದ್ದಳು. ಒಬ್ಬ ದೊಡ್ಡ ಮನುಷ್ಯನ ಟೀ ಕಪ್ಪಿಗೆ ಉತ್ತರ ಕೊಡಲು ಹೋಗಿ ಇಡೀ ಲೋಕಕ್ಕೆ ಸುಳ್ಳು ಹೇಳಿಬಿಟ್ಟಿದ್ದಳು.

"ಬಾ ಇಲ್ಲಿ. ಮೂಸಿ ನೋಡು" ಎಂದಳು.

ಲೇಪ ಬಾಗಿ ಮೂಸಿದ. ಅವನ ಮುಖ ಮೊದಲು ಖಾಲಿಯಾಯಿತು, ಆಮೇಲೆ ಕೆಂಪಾಯಿತು. ಬುದ್ಧಿವಂತ, ಬಿಡಿಸಿ ಹೇಳಬೇಕಾಗಲಿಲ್ಲ. ಆದರೂ ಅವನು, "ಸ್ವಲ್ಪ ಉಳಿದಿರಬಹುದು ಮೇಡಂ. ಅಷ್ಟರಿಂದ ಏನಾಗುತ್ತೆ? ಆಕ್ಸಿಜನ್ ನೀರಲ್ಲಿ..." ಎಂದು ಶುರುಮಾಡಿದ.

"ಕರಗಿರುತ್ತೆ ಅನ್ನಬೇಡ. ಆ ಮಾತು ನಿನಗೆ ಕಲಿಸಿದ್ದೇ ನಾನು."

"ಇವತ್ತು ಬೇಡ ಮೇಡಂ." ಅವನ ದನಿ ಸಣ್ಣದಾಯಿತು. "ಇವತ್ತೊಂದು ದಿನ ಆಗಿಹೋಗಲಿ. ನಾಳೆ ನಾವೇ ಪರೀಕ್ಷೆ ಮಾಡಿ, ನಾವೇ ತಿದ್ದೋಣ. ಮುಂದಿನ ವಾರ ನನ್ನದು ಏನಿದೆ ಅಂತ ನಿಮಗೆ ಗೊತ್ತಲ್ಲ."

ಗೊತ್ತು. ಅವಳು ಕೆಳಗಿಳಿದಳು. ಪ್ರಯೋಗಾಲಯದಲ್ಲಿ ಜಾಡಿಗಳು ಸಾಲಾಗಿ ಹೊಳೆಯುತ್ತಿದ್ದವು, ಒಳಗೆ ಕಲೆಯಿಲ್ಲದ ಫಲಕಗಳು. ಸ್ಟೂಲಿನ ಮೇಲೆ ಕೂತು ಅವುಗಳನ್ನೇ ನೋಡಿದಳು. ನಾಳೆ ಹೇಳಬಹುದು. ನಾಳೆ ಎನ್ನುವುದು ಸುಳ್ಳೇನಲ್ಲ, ಸ್ವಲ್ಪ ತಡವಾದ ನಿಜ. ಡಿಪೋದ ಛಾವಣಿ ಒಮ್ಮೆ ಕೈಗೆ ಬಂದರೆ ಅಷ್ಟರೊಳಗೆ ನಿಜವಾದ ಮೂರು ತಂದರೂ ತರಬಹುದು, ಯಾರಿಗೆ ಗೊತ್ತಾಗುತ್ತದೆ? ಯಾರಿಗೂ ಇಲ್ಲ. ಅದೇ ಅವಳಿಗೆ ತಡೆಯಲಾಗದ್ದು. ಯಾರಿಗೂ ಗೊತ್ತಾಗದೆ ತನಗೊಬ್ಬಳಿಗೇ ಗೊತ್ತಿರುವುದು ಎಂದರೆ ದಿನವೂ ಆ ಕಪ್ಪು ತೊಳೆದಿಡುವುದು. ಅವಳಿಗೆ ಒಳ್ಳೆಯತನ ಬಹಳ ಇತ್ತೆಂದಲ್ಲ. ಮನೆಯಲ್ಲಿ ಬೇಕಾದಷ್ಟು ಸುಳ್ಳು ಹೇಳುತ್ತಾಳೆ. ಕೂದಲಿಗೆ ಬಣ್ಣ ಹಚ್ಚುವುದಿಲ್ಲ ಎನ್ನುತ್ತಾಳೆ, ಅತ್ತೆಯ ಅಡುಗೆ ಚೆನ್ನಾಗಿದೆ ಎನ್ನುತ್ತಾಳೆ. ಆದರೆ ಇಲ್ಲಿ, ಈ ಕೋಣೆಯಲ್ಲಿ, ಅವಳ ಕೈಯಿಂದ ಹೊರಟ ಅಂಕಿ ಇಷ್ಟು ವರ್ಷ ಒಮ್ಮೆಯೂ ಸುಳ್ಳಾಗಿರಲಿಲ್ಲ. ಒಂದಕ್ಕಿಂತ ಕಡಿಮೆ ಬಂದ ವರ್ಷಗಳಲ್ಲೂ, ಬೇರೆಯವರು ಸಭೆಗಳಲ್ಲಿ ಐದು ಹತ್ತು ಎಂದು ಮೆರೆದಾಗಲೂ, ತನ್ನದು ಮುಕ್ಕಾಲು ಎಂದು ಎದ್ದುನಿಂತು ಹೇಳಿ ಕೂತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರೆ ನಗಲಿ. ಆ ಮುಕ್ಕಾಲು ನೀರಿನದು. ಅವಳ ಜಂಬವೆಲ್ಲ ನಿಂತಿದ್ದು ಅದರ ಮೇಲೆ, ಮೂರರ ಮೇಲಲ್ಲ. ಎರಡು ತಿಂಗಳು ಅದನ್ನು ಮರೆತಿದ್ದಳು ಅಷ್ಟೇ. ಮಾನವೇ ಬಾಯಿ ಮುಚ್ಚು ಎಂದಿತ್ತು, ಈಗ ಅದೇ ಮಾನ ಎದ್ದು ನಿಲ್ಲು ಎನ್ನುತ್ತಿತ್ತು. ಅವಳು ಎದ್ದಳು.

ಲೇಪ ಹಿಂದೆಯೇ ಇಳಿದು ಬಂದಿದ್ದ. ಗೂಡೊಲೆಯ ಬಾಗಿಲು ತೆರೆದು, ಬೆಳಗಿನ ಜಾವ ಸುಡಲಿಟ್ಟಿದ್ದ ಹೊಸ ಫಲಕವನ್ನು ಇಕ್ಕಳದಲ್ಲಿ ಹಿಡಿದು ತೆಗೆದ. ಹೊಸ ಲೇಪದ್ದೇ. ತಣಿಯುವವರೆಗೆ ಊದುತ್ತ ನಿಂತ. ಆಮೇಲೆ ಕೈ ತನ್ನಷ್ಟಕ್ಕೆ ಜಾಡಿಯ ಕಡೆ ಹೋಯಿತು, ಎರಡು ತಿಂಗಳ ಅಭ್ಯಾಸ. "ಅದ್ದಬೇಡ!" ಎಂದು ಅವಳು ಕೂಗಿದ ರಭಸಕ್ಕೆ ಫಲಕ ಬೀಳುವುದರಲ್ಲಿತ್ತು. ಇಬ್ಬರೂ ಆ ಫಲಕವನ್ನೇ ನೋಡಿದರು. ಸ್ಪಿರಿಟ್ಟು ಕಾಣದ ಒಂದೇ ಒಂದು ಫಲಕ. ಲೇಪದಲ್ಲಿ ನಿಜವಾಗಿ ಏನಾದರೂ ಇದೆಯೋ ಇಲ್ಲವೋ, ಇದೊಂದೇ ಹೇಳಬಲ್ಲದು. "ಇದೂ ಏನೂ ಕೊಡದೇ ಹೋದ್ರೆ?" ಎಂದು ಅವನು ಕೇಳಿದ. "ಹೋದ್ರೆ ಹೋಗುತ್ತೆ. ಪೆಟ್ಟಿಗೆ ತೊಳಿ" ಎಂದಳು. ಅವಳ ದನಿ ಬೇಕಾದ್ದಕ್ಕಿಂತ ಒರಟಾಯಿತು. ಅವನು ತೊಳೆದ, ಬರೀ ನೀರಿನಲ್ಲಿ, ಮತ್ತೆ ಮತ್ತೆ, ಅವಳು ಪ್ರತಿ ಸಲವೂ ಮೂಸಿ ಸಾಕು ಎನ್ನುವವರೆಗೆ. ತಾರಸಿಯ ಮೇಲೆ ಉಳಿದ ಪೆಟ್ಟಿಗೆಗಳನ್ನೆಲ್ಲ ಅವಳೇ ಖಾಲಿ ಮಾಡಿದಳು. ಎರಡು ತಿಂಗಳ ಹೆಮ್ಮೆ ಮೋರಿಗೆ ಹರಿಯುವಾಗ ಅದಕ್ಕೆ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಪ್ರಯೋಗಾಲಯದ ನಿರ್ದೇಶಕರು ಬಂದಾಗ ಸಾಲಿನಲ್ಲಿ ಒಂದೇ ಪೆಟ್ಟಿಗೆ ಇತ್ತು, ಅದರೊಳಗೆ ಹೊಳಪಿಲ್ಲದ ಒಂದೇ ಫಲಕ. ಅವರು ಕಾಲರಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದವರು ಕೈ ಅಲ್ಲೇ ಬಿಟ್ಟರು. ಅವಳು ಹೇಳಿದ್ದನ್ನೆಲ್ಲ ಕೇಳಿ, ಸುತ್ತ ಯಾರೂ ಇಲ್ಲವೆಂದು ನೋಡಿ, "ಮೇಡಂ, ಬಸ್ಸಿನವರು ಮೂಸಿ ನೋಡೋಕೆ ಬರ್ತಿದ್ದಾರಾ? ಹೈಡ್ರೋಜನ್ ಬರ್ತಿತ್ತಲ್ಲ?" ಎಂದರು.

"ಬರ್ತಿತ್ತು ಸರ್. ನೀರಿಂದ ಅಲ್ಲ."

"ಗುಳ್ಳೆಗೆ ಯಾವ ಊರು ಅಂತ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ" ಎಂದಳು. ನಿರ್ದೇಶಕರು ಕೆಟ್ಟವರಲ್ಲ, ಈ ತಾರಸಿಯನ್ನು ಅವಳಿಗೆ ಬಿಟ್ಟುಕೊಡಲು ಯಾರು ಯಾರ ಬಾಗಿಲಿಗೆ ಅಲೆದಿದ್ದರೋ ಅವಳಿಗೆ ಗೊತ್ತಿತ್ತು. "ಕೈಗೆ ಬಂದ ತುತ್ತು ಮೇಡಂ" ಎಂದು ಅಷ್ಟೇ ಹೇಳಿ ಅವರು ಅತಿಥಿಗಳನ್ನು ಕರೆತರಲು ಇಳಿದರು. ಅವರ ಬೆನ್ನು ನೋಡುತ್ತ ಅವಳಿಗೆ ಅಪರಾಧವೆನಿಸಿತು, ಆದರೂ ಮಾತು ಹಿಂದೆ ತೆಗೆದುಕೊಳ್ಳಬೇಕು ಎನಿಸಲಿಲ್ಲ.

ಬಿಸಿಲು ನೆತ್ತಿಗೆ ಬಂದಿತ್ತು. ಮೊದಲ ನಳಿಗೆಯಲ್ಲಿ ಗುಳ್ಳೆಗಳು ಗಿಜಿಗುಡಲಿಲ್ಲ. ಒಂದೊಂದಾಗಿ, ಯೋಚನೆ ಮಾಡಿ ಮಾಡಿ ಏರಿದವು. ಲೇಪ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅಳೆಯುತ್ತಿದ್ದ, ಅಂಗಿಯ ಬೆನ್ನು ಪೂರ್ತಿ ಒದ್ದೆ. ಎದ್ದವನು ಅವಳ ಮುಖ ನೋಡದೆ, "ಒಂದೂಕಾಲು" ಎಂದು ಹೇಳಿ ಮೂಲೆಯ ಅಡ್ಡಗೋಡೆಗೆ ಒರಗಿ ಆಚೆ ತಿರುಗಿ ನಿಂತ. ಅವಳು ಏನೋ ಹೇಳಲು ಹೋದಳು, ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಗಳು. ಎಲ್ಲರಿಗಿಂತ ಮುಂದೆ ಅತ್ತೆ, ತಂಪುಕನ್ನಡಕ ಹಾಕಿಕೊಂಡು, ಹಿಂದೆ ಬರುತ್ತಿದ್ದ ಬಸ್ಸು ಸಂಸ್ಥೆಯ ಮುಖ್ಯ ಎಂಜಿನಿಯರಿಗೆ ತಾವೇ ದಾರಿ ತೋರಿಸುತ್ತಿದ್ದರು: "ನಿಧಾನ, ಕೊನೇ ಮೆಟ್ಟಿಲು ಎತ್ತರ. ನನ್ನ ಸೊಸೆ ದಿನಾ ಹತ್ತಿ ಇಳೀತಾಳೆ." ಎಂಜಿನಿಯರು ಒಣಕಲು ಮನುಷ್ಯ, ಕಿಸೆಯಲ್ಲಿ ಎರಡು ಪೆನ್ನು. ಅವರ ಜೊತೆಗೆ ಸಂಸ್ಥೆಯವರೇ ನಾಲ್ಕಾರು ಜನ. ಅತ್ತೆ ಮುಂದಿನ ಕುರ್ಚಿಯಲ್ಲಿ ಕೂತು ಕೈಚೀಲ ತೊಡೆಯ ಮೇಲಿಟ್ಟುಕೊಂಡರು. ಅವಳಿಗೆ ಅವರ ಮುಖ ನೋಡಲು ಆಗಲಿಲ್ಲ. ಕಟ್ಟಡದ ಮೂವತ್ತು ಮನೆಗೂ ಫೋನು ಮಾಡಿ ಬಂದಿರುವ ಮುಖ.

"ನೂರಕ್ಕೆ ಮೂರು ಅಂತ ಹೇಳಿದ್ದು ನಾನು" ಎಂದು ಅವಳು ಶುರುಮಾಡಿದಳು. "ಅದು ತಪ್ಪು. ಫಲಕ ಚೆನ್ನಾಗಿ ಕಾಣಲಿ ಅಂತ ಸ್ಪಿರಿಟ್ಟಲ್ಲಿ ಇಡಿಸಿದ್ದು ನಾನು. ಆ ಹೈಡ್ರೋಜನ್ ಬಹುಪಾಲು ಸ್ಪಿರಿಟ್ಟಿನದು, ನೀರಿನದ್ದಲ್ಲ. ಎರಡನೇ ಟ್ಯೂಬಲ್ಲಿ ಆಕ್ಸಿಜನ್ ಇರಲಿಲ್ಲ, ನಾನು ನೋಡಿಯೂ ನೋಡಲಿಲ್ಲ. ಲೇಪ ಬಳಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಬರೀ ನೀರಲ್ಲಿ ಈ ಫಲಕ ಕೊಡೋದು ಒಂದೂಕಾಲು. ನೀವೇ ನೋಡಿ."

ಯಾರೋ ಕೆಮ್ಮಿದರು, ನಗುವನ್ನು ಅಡಗಿಸಿದ ಕೆಮ್ಮು ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತು. ಎಂಜಿನಿಯರು ಪೆಟ್ಟಿಗೆಯ ಕಡೆಯೇ ನೋಡುತ್ತ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಮೂರು ಅಂದ್ರೆ ನಮಗೆ ಹೊಂದುತ್ತಿತ್ತು. ಒಂದೂಕಾಲಿಗೆ ಡಿಪೋ ಛಾವಣಿ ಕೊಡೋಕೆ ಆಗಲ್ಲ ಮೇಡಂ. ಈ ಸಲಕ್ಕೆ ಇಲ್ಲ" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾದರೂ ಇದ್ದಿದ್ದರೆ ಎದುರು ನಿಲ್ಲಬಹುದಿತ್ತು. "ಬನ್ನಿ ಸರ್, ಕೆಳಗೆ ಟೀ ಇದೆ" ಎಂದು ನಿರ್ದೇಶಕರು ಅವರ ತೋಳು ಹಿಡಿದರು. ಹೆಜ್ಜೆಗಳೆಲ್ಲ ಮೆಟ್ಟಿಲಿಳಿದವು. ನೂರು ಬಸ್ಸಿನಗಲದ ಛಾವಣಿ ಅವುಗಳ ಜೊತೆಗೇ ಇಳಿದು ಹೋಯಿತು.

ತಾರಸಿಯಲ್ಲಿ ಮೂವರು ಉಳಿದರು. ಅತ್ತೆ ತಂಪುಕನ್ನಡಕ ತೆಗೆದು ಮಡಚಿದರು. "ಅಂದ್ರೆ ನಾನು ಊರಿಗೆಲ್ಲ ಸುಳ್ಳು ಹೇಳಿದ ಹಾಗಾಯ್ತು" ಎಂದರು.

"ಹೌದು ಅತ್ತೆ. ನನ್ನಿಂದ."

"ಸಂಜೆ ಎಲ್ಲರಿಗೂ ಮತ್ತೆ ಫೋನ್ ಮಾಡಬೇಕಲ್ಲೇ." ಅತ್ತೆ ನಿಟ್ಟುಸಿರು ಬಿಟ್ಟರು. ಆಮೇಲೆ ಪೆಟ್ಟಿಗೆಯನ್ನು ದಿಟ್ಟಿಸಿ, "ಇದು ನೀರಿಂದಾನೇ ಬರ್ತಿದೆ ಅಂತ ಏನು ಖಾತ್ರಿ? ಮೊದಲಿನದೂ ಹಿಂಗೇ ಗುಳ್ಳೆ ಬಿಡ್ತಿತ್ತು" ಎಂದರು. ಅವಳಿಗೆ ಇದ್ದಕ್ಕಿದ್ದಂತೆ ಹುರುಪು ಬಂತು. ಇಷ್ಟು ಜನ ಬಂದು ಹೋದರಲ್ಲ, ಕೇಳಬೇಕಾದ್ದನ್ನು ಒಬ್ಬರಾದರೂ ಕೇಳಿದರೇ? ಮೂಲೆಯಲ್ಲಿದ್ದ ಕಸಬರಿಕೆಯಿಂದ ಒಂದು ಕಡ್ಡಿ ಹಿರಿದಳು. ಬೆಂಕಿಪೊಟ್ಟಣ ಅಲ್ಲೇ ಇತ್ತು, ಮೊದಲ ನಳಿಗೆಗೆ ಕಿಚ್ಚು ತೋರಿಸಿ ಪುಟ್ ಎನ್ನಿಸಿ ಚಪ್ಪಾಳೆ ಗಿಟ್ಟಿಸಲು ನಿರ್ದೇಶಕರು ತರಿಸಿಟ್ಟದ್ದು. ಎರಡನೆಯ ನಳಿಗೆಯ ಬಾಯನ್ನು ನೀರಿನೊಳಗೇ ಹೆಬ್ಬೆರಳಿಂದ ಮುಚ್ಚಿ ಹೊರಗೆ ತೆಗೆದಳು. ಅದರಲ್ಲಿ ಮೊದಲನೆಯದರ ಸರಿಯಾಗಿ ಅರ್ಧದಷ್ಟು ಗಾಳಿ. "ಏಯ್, ಬಾ ಇಲ್ಲಿ" ಎಂದು ಲೇಪನನ್ನು ಕರೆದಳು. ಅವನು ಅಡ್ಡಗೋಡೆ ಬಿಟ್ಟು ಬರಲಿಲ್ಲ. "ಬಾರೋ! ನಿನ್ನ ಫಲಕ. ನೀನೇ ಹಿಡಿ."

ಅವನು ಬಂದ. ಕಣ್ಣು ಕೆಂಪಾಗಿದ್ದವು. ಅವಳು ಕಡ್ಡಿ ಹಚ್ಚಿ, ಊದಿ ಆರಿಸಿ, ತುದಿಯಲ್ಲಿ ಕೆಂಡ ಮಾತ್ರ ಉಳಿಸಿ ಅವನ ಕೈಗೆ ಕೊಟ್ಟಳು. ಹೆಬ್ಬೆರಳು ತೆಗೆದಳು. ಅವನು ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿದ. ಸದ್ದೇನೂ ಆಗಲಿಲ್ಲ. ಸತ್ತಂತಿದ್ದ ಕೆಂಡ ಒಂದು ಕ್ಷಣ ಬೆಳ್ಳಗಾಯಿತು, ಆಮೇಲೆ ತನ್ನಷ್ಟಕ್ಕೆ ತಾನೇ ಭಗ್ಗನೆ ಹತ್ತಿಕೊಂಡು ನಡು ಮಧ್ಯಾಹ್ನದ ಬಿಸಿಲಿನಲ್ಲೂ ಕಣ್ಣು ಕೋರೈಸುವಂತೆ ಉರಿಯಿತು. ಕೆಂಡ ಹತ್ತಿಸಿದ್ದು ಆಮ್ಲಜನಕ; ಸ್ಪಿರಿಟ್ಟಿನಿಂದ ಅದು ಬರುವುದಿಲ್ಲ. ಎಷ್ಟು ಸ್ಪಿರಿಟ್ಟು ಸುರಿದರೂ ಬರುವುದಿಲ್ಲ. ನೀರು ಒಡೆದರೆ ಮಾತ್ರ, ನೀರಿನ ಹೊಟ್ಟೆಯಿಂದ ಮಾತ್ರ. "ಹತ್ತಿತು!" ಎಂದು ಲೇಪ ಉಸುರಿದ. ಕಡ್ಡಿ ಬೆರಳಿನವರೆಗೆ ಉರಿದು ಬಂದರೂ ಬಿಡಲಿಲ್ಲ. "ಮೇಡಂ, ಹಳೇ ಫಲಕದ್ದು ಒಂದು ದಾಟಿರಲಿಲ್ಲ. ಇದು ಒಂದೂಕಾಲು. ಆ ಕಾಲು ನನ್ನದು. ನನ್ನ ಲೇಪದ್ದು!" ಎಂದ. "ನಿನ್ನದೇ" ಎಂದಳು. ಅತ್ತೆ ಕುರ್ಚಿಯಿಂದ ಎದ್ದು ನಿಂತಿದ್ದರು. ಅವಳಿಗೆ ಜಂಬ ಬಂತು. ಎರಡು ತಿಂಗಳು ಹೊತ್ತು ತಿರುಗಿದ ಜಂಬ ಇದರ ಮುಂದೆ ಏನೂ ಅಲ್ಲ. ಇದಕ್ಕೆ ಹೊಳಪೂ ಬೇಕಿರಲಿಲ್ಲ, ಛಾವಣಿಯೂ ಬೇಕಿರಲಿಲ್ಲ.

ಕೆಳಗೆ ಅಂಗಳದಲ್ಲಿ ಕಾರಿನ ಬಾಗಿಲು ತೆರೆದ ಸದ್ದಾಯಿತು. ಲೇಪ ಓಡಿಹೋಗಿ ಅಡ್ಡಗೋಡೆಯ ಮೇಲೆ ಅರ್ಧ ಬಾಗಿ, "ಸಾರ್! ಸಾರ್, ಸ್ವಲ್ಪ ನಿಲ್ಲಿ! ಒಂದೂಕಾಲು ಸಾರ್! ಬರೀ ನೀರಿಂದ!" ಎಂದು ಕೂಗಿದ. ಅತ್ತೆ ಅವನ ಪಕ್ಕಕ್ಕೆ ಹೋಗಿ ಟೆಲಿಫೋನ್ ಎಕ್ಸ್‌ಚೇಂಜಿನ ಗಂಟಲಿನಲ್ಲಿ, "ರೀ ಎಂಜಿನಿಯರ್ರೇ, ನೀವು ಎರಡನೇದು ನೋಡ್ಲೇ ಇಲ್ಲ!" ಎಂದರು. ಅಂಗಳದಲ್ಲಿದ್ದವರೆಲ್ಲ ಟೀ ಕಪ್ಪು ಹಿಡಿದುಕೊಂಡೇ ತಲೆಯೆತ್ತಿದರು. ನಿರ್ದೇಶಕರು ಹಣೆ ಒತ್ತಿಕೊಳ್ಳುತ್ತಿದ್ದರು. ಎಂಜಿನಿಯರು ಕಾರಿನ ಬಾಗಿಲು ಹಿಡಿದು, ಬಿಸಿಲಿಗೆ ಕೈ ಅಡ್ಡ ಮಾಡಿ, "ಏನು? ಎಷ್ಟು?" ಎಂದು ಕೇಳಿದರು.

ಅವಳು ಅಡ್ಡಗೋಡೆಯ ಹತ್ತಿರ ಬಂದು ಎದೆಯುಬ್ಬಿಸಿ ನಿಂತಳು. "ಒಂದೂಕಾಲು!" ಎಂದು ಕೂಗಿ ಹೇಳಿದಳು. ಮೂರು ಎಂದಾಗಲೂ ಅವಳು ಅಷ್ಟು ಜೋರಾಗಿ ಹೇಳಿರಲಿಲ್ಲ.